ಸಂಶಿಯಲ್ಲಿ ಹೊಲಿದ ಹಾಯಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಮುದ್ರವನ್ನು ನಾನು ಎರಡೇ ಸಲ ನೋಡಿದ್ದೇನೆ, ಅದರಲ್ಲಿ ಒಂದು ಸಲ ಬಸ್ಸಿನ ಕಿಟಕಿಯಿಂದ. ಹಾಯಿದೋಣಿಗಳ ಸ್ಪರ್ಧೆಯ ಬಗ್ಗೆ ಬರೆಯಬಲ್ಲವರು ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅಂಥ ಒಂದು ಸ್ಪರ್ಧೆಯ ಹಾಯಿ ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ ತಯಾರಾಗುತ್ತದೆ. ಅದನ್ನು ಹೊಲಿಯುವಾಕೆ ಸಮುದ್ರವನ್ನು ನನ್ನಷ್ಟೂ ನೋಡಿದವರಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಬೆಳಿಗ್ಗೆ ಆರೂವರೆ. ಊರ ಹೊರಗೆ ಮಡಿವಾಳೆಪ್ಪನವರ ಸಿಮೆಂಟಿನ ಕಣ. ಅರ್ಧ ಕಣದಲ್ಲಿ ಕೆಂಪು ಮೆಣಸಿನಕಾಯಿ ಒಣಗುತ್ತಿದೆ. ಉಳಿದರ್ಧದಲ್ಲಿ ಬಾಳೆಹಣ್ಣು ಮಾರುವವರಿಂದ ಎರವಲು ತಂದ ನಾಲ್ಕು ಗಾಲಿಯ ತಳ್ಳುಗಾಡಿ ನಿಂತಿದೆ. ಗಾಡಿಯ ನಡುವೆ ಬಿದಿರಿನ ಗಳ, ಗಳಕ್ಕೆ ಒಂದು ಬಿಳಿ ಹಾಯಿ. ಇದು ನಮೂನೆ ಮಾತ್ರ, ನಿಜವಾದದ್ದು ಇದರ ಮೂರರಷ್ಟು. ಹಾಯಿಯ ಹಗ್ಗ ಹಿಡಿದು ಗಾಡಿಯ ಮೇಲೆ ಕುಳಿತವರು ಕುರಿ ಸಾಕುವ ಅಮೋಘಸಿದ್ದಪ್ಪ. ಕೆಳಗೆ ನಿಂತು ಒಂದು ಹಿಡಿ ಹೊಟ್ಟು ತೂರಿ ಗಾಳಿ ಯಾವ ಕಡೆಯದೆಂದು ನೋಡುತ್ತಿರುವವರು ಅವರ ಹೆಂಡತಿ, ಐವತ್ನಾಲ್ಕು ವರ್ಷದ ಮೈಲಾರವ್ವ.

"ಗಟ್ಟಿ ಹಿಡಕೋರಿ."

"ಯಾವಾಗ ಬಿಡ್ಲಿ?"

"ನಾ ಹೇಳಿದ ಮ್ಯಾಲ."

ಗಾಳಿ ಬರುತ್ತದೆ. ಹಾಯಿ ಒಮ್ಮೆ ಪಟಪಟ ಎಂದು, ಆಮೇಲೆ ಸದ್ದಿಲ್ಲದೆ ಉಬ್ಬುತ್ತದೆ. ಗಾಡಿ ಹೊರಡುತ್ತದೆ. ಹಗ್ಗ ಬಿಟ್ಟರೆ ಹಾಯಿ ಸಡಿಲಾಗಿ ಗಾಡಿ ನಿಲ್ಲಬೇಕು. ಮೈಲಾರವ್ವ ಹಾಯಿಯನ್ನೇ ನೋಡುತ್ತ ನಿಂತಿದ್ದಾರೆ, ಹೇಳಬೇಕಾದದ್ದನ್ನು ಹೇಳುವುದಿಲ್ಲ. ಹೇಳದ ಕಾರಣ ಅಮೋಘಸಿದ್ದಪ್ಪ ಹಗ್ಗ ಬಿಡುವುದಿಲ್ಲ. ಗಾಡಿ ನೇರವಾಗಿ ಮೆಣಸಿನಕಾಯಿಯೊಳಗೆ ಹೋಗಿ ನಿಲ್ಲುತ್ತದೆ.

ಬೇವಿನ ಕಡ್ಡಿ ಜಗಿಯುತ್ತ ಬಂದ ಮಡಿವಾಳೆಪ್ಪ ಹೇಳುತ್ತಾರೆ: "ಎತ್ತು ನುಗ್ಗಿದ್ರ ಕೊಂಡವಾಡಕ್ಕ ಹಾಕಬೌದಿತ್ತು. ಇದನ್ನ ಎಲ್ಲಿ ಕಟ್ಲೋ, ಅಮೋಘಸಿದ್ದಾ?"

"ಆಕಿ ಬಿಡು ಅನ್ನಲಿಲ್ರೀ ಗೌಡ್ರ."

ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಸೀನುತ್ತಿದ್ದೇವೆ. ಮೈಲಾರವ್ವ ಮಾತ್ರ ಮೂಗಿಗೆ ಸೆರಗು ಹಿಡಿದು ನಗುತ್ತಿದ್ದಾರೆ. "ಹೊಟ್ಟಿ ಬಂತು ನೋಡ್ರಿ," ಎನ್ನುತ್ತಾರೆ. ಹಾಯಿಗೆ ಹೊಟ್ಟೆ ಬರುವುದಕ್ಕೆ ಅವರು ಮೂರು ವರ್ಷ ಕಾದಿದ್ದಾರೆ.

ಮೈಲಾರವ್ವನ ಕಸುಬು ತಾಡಪತ್ರಿ ಹೊಲಿಯುವುದು. ಬಣವೆಗೆ, ಟ್ರ್ಯಾಕ್ಟರಿಗೆ, ಲಾರಿಗೆ ಹೊದಿಸುವ ದಪ್ಪ ಬಟ್ಟೆ. ಮೂವತ್ತೊಂದು ವರ್ಷದಿಂದ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತಿದ್ದಾರೆ. ಸುಗ್ಗಿಯಲ್ಲಿ ದಿನಕ್ಕೆ ಆರು ತಾಡಪತ್ರಿ, ಮಳೆಗೆ ಮುಂಚೆ ಒಂಬತ್ತು. ದಿನಕ್ಕೆ ಎರಡು ಸೂಜಿಯಾದರೂ ಮುರಿಯುತ್ತವೆ. ಅವರ ಬಟ್ಟೆ ಗಾಳಿಗೆ ಹರಿಯುವುದಿಲ್ಲ ಎಂಬ ಹೆಸರಿದೆ. ಅದಕ್ಕೊಂದು ಉಪಾಯವಿದೆ. ಅಲ್ಲಲ್ಲಿ ಅಂಗೈಯಗಲ ಸೀಳಿ, ಮೇಲೊಂದು ಮುಚ್ಚಳ ಹೊಲಿಯುತ್ತಾರೆ. ಗಾಳಿ ಹೊರಗೆ ಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ.

"ಗಾಳಿ ಅಂದ್ರ ಕಳ್ಳ ಇದ್ದಂಗ್ರಿ. ಒಳಗ ಬಂದ್ರೂ ಕುಂದ್ರಾಕ ಜಾಗಾ ಕೊಡಬಾರ್ದು," ಎನ್ನುತ್ತಾರೆ.

ಈ ಹೆಸರನ್ನು ಘಟ್ಟ ಇಳಿಸಿದವರು ಅಣ್ಣಿಗೇರಿಯ ಲಾರಿ ಚಾಲಕ ದಾವೂದಸಾಬ. ಅವರು ಕರಾವಳಿಗೆ ಮೆಣಸಿನಕಾಯಿ ಒಯ್ಯುತ್ತಾರೆ. ಅಲ್ಲಿನ ಹಳೇಕೋಡಿ ಎಂಬ ಸಣ್ಣ ಬಂದರಿನಲ್ಲಿ ಸೋಮ ಖಾರ್ವಿ ಎಂಬ ದೋಣಿಯ ಮಾಲೀಕರು ಲಾರಿಯ ತಾಡಪತ್ರಿಯ ಹೊಲಿಗೆ ಎಳೆದು ನೋಡಿ, "ಇವರು ಹಾಯಿ ಹೊಲೀತಾರಾ?" ಎಂದು ಕೇಳಿದರು. ದಾವೂದಸಾಬ ಸಂಶಿಗೆ ಫೋನು ಮಾಡದೆಯೇ ಹೌದು ಎಂದುಬಿಟ್ಟರು.

ಹೋಳಿ ಹುಣ್ಣಿಮೆಯ ನಂತರದ ಭಾನುವಾರ ಹಳೇಕೋಡಿಯಲ್ಲಿ ಹನ್ನೊಂದು ದೋಣಿಗಳ ಸ್ಪರ್ಧೆ. ಎಂಜಿನ್ ಇಲ್ಲ, ಹುಟ್ಟು ಇಲ್ಲ, ಹಾಯಿ ಮಾತ್ರ. ದೂರದ ಬಂಡೆಯೊಂದನ್ನು ಸುತ್ತಿ ಬರಬೇಕು. ಗೆದ್ದ ದೋಣಿಯ ಹಾಯಿಯನ್ನು ಬಿಚ್ಚಿ ಮರಳಿನ ಮೇಲೆ ಹಾಸುತ್ತಾರೆ, ಊರೆಲ್ಲ ಅದರ ಮೇಲೆ ಕೂತು ಉಣ್ಣುತ್ತದೆ. ಸಾರಿನ ಕಲೆಯನ್ನು ಆಮೇಲೆ ತೊಳೆಯುವುದಿಲ್ಲ, ಕಲೆ ಇದ್ದ ಹಾಯಿಗೆ ಮಾನ ಜಾಸ್ತಿ. ಕೊನೆಗೆ ಬಂದ ದೋಣಿಯವರು ಎಲ್ಲರಿಗೂ ಬಡಿಸಿ ತಾವು ಕಡೆಗೆ ಉಣ್ಣಬೇಕು.

ಮೊದಲ ವರ್ಷ ಮೈಲಾರವ್ವ ಕೈಯ ಅಭ್ಯಾಸದಂತೆ ಹಾಯಿಗೂ ಎಂಟು ಕಡೆ ಸೀಳಿ ಮುಚ್ಚಳ ಹೊಲಿದರು. ದೋಣಿ ಹನ್ನೊಂದನೆಯದಾಗಿ ಬಂತು. ಅಂದು ಸಂಜೆ ಖಾರ್ವಿಯವರ ಫೋನು:

"ಅಕ್ಕ, ಹಾಯಿಗೆ ಕಿಟಕಿ ಯಾಕೆ ಇಟ್ಟದ್ದು?"

"ಹರದತೇನ್ರಿ?"

"ಹರೀಲಿಲ್ಲ ಮಾರಾಯ್ತಿ."

"ಮತ್ತ?"

ಎರಡನೆಯ ವರ್ಷ ಕಿಟಕಿ ಇರಲಿಲ್ಲ. ಆದರೆ ಬಟ್ಟೆಯನ್ನು ಹಲಿಗೆಯಂತೆ ಬಿಗಿ ಮಾಡಿದ್ದರು, ಸುಕ್ಕು ಬಿಟ್ಟರೆ ಅವರಿಗೆ ನಿದ್ದೆ ಬರುವುದಿಲ್ಲ. ಗಾಳಿಗೆ ಹಾಯಿ ಉಬ್ಬಲೇ ಇಲ್ಲ, ದೋಣಿ ಹತ್ತನೆಯದಾಗಿ ಬಂತು. ಹನ್ನೊಂದನೆಯದು ಮಗುಚಿಕೊಂಡಿತ್ತು, ಅದರವರು ಒದ್ದೆಯಾಗಿದ್ದರಿಂದ ಮಾಫಿ ಸಿಕ್ಕಿತು. ಖಾರ್ವಿಯವರೇ ಮತ್ತೆ ಬಡಿಸಿದರು. ಈ ಸಲವೂ ಕೊನೆಯಾದರೆ ಬೇರೆ ಕಡೆಯಿಂದ ಸಿದ್ಧ ಹಾಯಿ ತರಿಸುವುದೆಂದು ಅವರ ದೋಣಿಯವರೆಲ್ಲ ಸೇರಿ ತೀರ್ಮಾನಿಸಿದ್ದಾರೆ.

"ಬಡಿಸಿ ಬಡಿಸಿ ಅವ್ರ ಸೊಂಟ ಹೋಗೇತಂತ್ರಿ. ತಪ್ಪು ನಂದು, ಸೊಂಟ ಅವ್ರದು," ಎನ್ನುವಾಗ ಮೈಲಾರವ್ವ ನಗುವುದಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯ ರೇವವ್ವನ ಕುಪ್ಪಸ. ಹಾಯಿಯ ಚಿಂತೆಯಲ್ಲಿ ಮೈಲಾರವ್ವ ಅದನ್ನೂ ತಾಡಪತ್ರಿಯಂತೆ ಚಪ್ಪಟೆಯಾಗಿ ಹೊಲಿದು ಕೊಟ್ಟಿದ್ದರು. ರೇವವ್ವ ಮರುದಿನ ಅದನ್ನು ಹಿಡಿದುಕೊಂಡೇ ಬಂದರು: "ಹಪ್ಪಳದಂಗ ಹೊಲದೀಯಲ್ಲಬೇ. ಇದರಾಗ ಒಬ್ಬಾಕಿ ಹೆಣಮಗಳು ಹೋಗ್ಬೇಕು, ನೆನಪೈತಿಲ್ಲ?"

ಟಕ್ಸ್ ಹಿಡಿಯುವುದನ್ನು ಮರೆತಿದ್ದರು. ಚಪ್ಪಟೆ ಬಟ್ಟೆ ಮೈಯ ಉಬ್ಬಿಗೆ ಹೊಂದಲೆಂದು ದರ್ಜಿಗಳು ಹಿಡಿಯುವ ಮಡಿಕೆ ಅದು. ಅಂದು ಕುಪ್ಪಸ ಬಿಚ್ಚಿ ಹೊಲಿಯುತ್ತ ಕೂತ ಮೈಲಾರವ್ವನಿಗೆ ಹಾಯಿಯೂ ಬಿಚ್ಚಿ ಕಂಡಿತು. ಈ ಸಲದ ಹಾಯಿಯಲ್ಲಿ ಹದಿನಾಲ್ಕು ಪಟ್ಟಿ, ಪ್ರತಿ ಪಟ್ಟಿಗೆ ಎರಡು ಟಕ್ಸ್. ಖಾರ್ವಿಯವರಿಗೆ ಇದನ್ನು ಹೇಳಿದಿರಾ ಎಂದು ಕೇಳಿದೆ.

"ಕುಪ್ಪಸದ ಲೆಕ್ಕಾ ಗಂಡಸ್ರಿಗೆ ಫೋನ್ನ್ಯಾಗ ಹೆಂಗ ಹೇಳೂದ್ರಿ? 'ಈ ಸಲ ಬ್ಯಾರೆ ಮಾಡೀನಿ' ಅಂದೆ. ಅವ್ರು ಸುಮ್ಮನಾದ್ರು. ಹೆದರಿರಬೇಕು."

ಈ ಸಲ ಅವರೂ ಹೋಗುತ್ತಿದ್ದಾರೆ. ಶನಿವಾರ ನಸುಕಿನಲ್ಲಿ ದಾವೂದಸಾಬನ ಲಾರಿ ಹೊರಡುತ್ತದೆ. ಹಾಯಿಯ ಜೊತೆ ಬಿಳಿಜೋಳದ ಮುನ್ನೂರು ಖಡಕ್ ರೊಟ್ಟಿಯ ಗಂಟು ಕಟ್ಟಿಟ್ಟಿದ್ದಾರೆ.

"ಅಕ್ಕಾರ, ಅಲ್ಲಿ ಮಂದಿ ಅನ್ನಾ ಉಣ್ಣಾವ್ರು," ದಾವೂದಸಾಬ ಗಂಟು ಎತ್ತಿ ನೋಡುತ್ತ ಗೊಣಗುತ್ತಾರೆ.

"ಉಣ್ಣಲಿ. ರೊಟ್ಟಿ ಬ್ಯಾಡ ಅಂದಾವ್ರನ್ನ ನಾ ಇನ್ನೂ ನೋಡಿಲ್ಲ."

ಗೆದ್ದರೆ ಸರಿ, ಸೋತರೆ ಈ ರೊಟ್ಟಿ ಏನು ಮಾಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ಸೂಜಿಗೆ ದಾರ ಪೋಣಿಸಿ ಮುಗಿಸಿದ ಮೇಲೆ ಹೇಳಿದರು:

"ಗೆದ್ರ ನನ್ನ ಹಾಯಿ ಮ್ಯಾಲ ಕುಂತು ಉಣ್ತೇನ್ರಿ, ಸಾರು ಒಂಚೂರು ಬೇಕಂತ ಚೆಲ್ತೇನಿ. ಸೋತ್ರ ಖಾರ್ವಿಯವ್ರ ಬಾಜು ನಿಂತು ನಾನೂ ಬಡಸ್ತೇನಿ. ಹೊಲದಾಕಿ ನಾನಲ್ಲೇನ್ರಿ?"

ನೀವು ಇದನ್ನು ಓದುವ ಭಾನುವಾರವೇ ಸ್ಪರ್ಧೆ, ಇಂದು ಮಧ್ಯಾಹ್ನ, ಕಡಲ ಗಾಳಿ ಎದ್ದ ಮೇಲೆ. ನಾನು ಇದನ್ನು ಬರೆದು ಕಳಿಸುತ್ತಿರುವುದು ಗುರುವಾರ. ತಳ್ಳುಗಾಡಿಯನ್ನು ಮೆಣಸಿನಕಾಯಿಗೆ ನುಗ್ಗಿಸಿದ ಹೊಟ್ಟೆ ದೋಣಿಯನ್ನು ಬಂಡೆ ಸುತ್ತಿಸಲು ಸಾಕೇ, ನನಗೆ ಗೊತ್ತಿಲ್ಲ. ಇಂದು ಸಂಜೆ ಮೈಲಾರವ್ವ ಹಾಯಿಯ ಮೇಲೆ ಕೂತಿರುತ್ತಾರೋ, ರೊಟ್ಟಿಯ ಬುಟ್ಟಿ ಹಿಡಿದು ನಿಂತಿರುತ್ತಾರೋ, ಅದೂ ಗೊತ್ತಿಲ್ಲ.