ಮೊಳಕೆಯೊಡೆದ ಇಂಗಾಲ

ಜರ್ಮನಿಯ ಈ ಊರಲ್ಲಿ ನೀರು ನಾಲಿಗೆಯನ್ನು ಕಚ್ಚುತ್ತದೆ, ಮಕ್ಕಳೇ. ವೋಲ್ಫ್ಸ್‌ಬುರ್ಗಿನ ಮನೆ ಸೇರಿದ ದಿನ ಬಾಯಾರಿ, ಬಾಟಲಿ ಎತ್ತಿ ಗಟಗಟ ಕುಡಿದೆ. ಮೂಗಿನಲ್ಲಿ ಸೂಜಿ ಚುಚ್ಚಿದಂತಾಗಿ ಕಣ್ಣೀರು ಬಂತು. ನಿಮ್ಮತ್ತೆ ವಿಜಯಾ ನಕ್ಕಳು. "ಅವ್ವಾ, ಅದು ಗ್ಯಾಸ್ ತುಂಬಿದ ನೀರು. ಇಲ್ಲೆ ಎಲ್ಲಾರೂ ಅದನ್ನ ಕುಡೀತಾರ."

ನಮ್ಮ ಹಳ್ಳಿಯಲ್ಲಿ ಕದ ಹಾಕಿದೆಯೆಂದರೆ ಮನೆಯಲ್ಲಿ ಯಾರೂ ಇಲ್ಲವೆಂದು ಅರ್ಥ. ಇಲ್ಲಿ ಕದ ಹಾಕಿಕೊಂಡೇ ಜನ ಒಳಗಿರುತ್ತಾರೆ. ಇಲ್ಲಿಯ ಸರ್ಕಾರ ಹೊರದೇಶದವರಿಗೆ ಕೊಡುವ ಗ್ರೀನ್ ಕಾರ್ಡ್ ಮೇಲೆ ಬಂದ ವಿಜಯಾ, ಅಳಿಯ ಇಬ್ಬರೂ ಬೆಳಗ್ಗೆ ಕಂಪ್ಯೂಟರ್ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನೊಬ್ಬಳೇ. ನಿಮ್ಮಜ್ಜ ತೀರಿದ ಮೇಲೆ ಅಲ್ಲಿ ನಾಲ್ಕು ಜನರೆದುರು ನಿಲ್ಲಲು ಹಿಂಜರಿಯುತ್ತಿದ್ದೆ. ಇಲ್ಲಿ ಹಿಂಜರಿಯುವುದಕ್ಕೂ ಜನ ಬೇಕಲ್ಲ!

ವಿಜಯಾಳ ಮಗಳು, ನಿಮ್ಮಕ್ಕ ಪಲ್ಲವಿಯ ಪಾಡೂ ಅಷ್ಟೇ. ಹುಬ್ಬಳ್ಳಿಯಲ್ಲಿ ವಟವಟ ಅನ್ನುತ್ತಿದ್ದ ಹುಡುಗಿ ಇಲ್ಲಿಯ ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ 'ಐದು' ಬಂತು. ಇಲ್ಲಿ ಒಂದು ಎಂದರೆ ಉತ್ತಮ, ಐದು ಎಂದರೆ ನಪಾಸು. ಶಿಕ್ಷಕಿ ಕೊನೆಯ ಅವಕಾಶ ಕೊಟ್ಟರು: ಸೋಮವಾರ 'ರೆಫರಾಟ್', ಎಂದರೆ ತರಗತಿಯ ಮುಂದೆ ನಿಂತು ಪಾಠ ವಿವರಿಸುವುದು. ಅದೂ ಕೆಟ್ಟರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ.

"ಹಂಗಾದ್ರ ಸಾಲಿ ಸೂಟಿಗೆ ಅಜ್ಜಿ ಜೋಡಿ ಊರಿಗೆ ಹೋಗ್ಲಿ. ಅಲ್ಲೇ ಓದ್ಲಿ" ಎಂದಳು ವಿಜಯಾ.

ಪಲ್ಲವಿ ತಲೆ ತಗ್ಗಿಸಿದಳು. ಅಪ್ಪ ಅವ್ವನನ್ನು ಬಿಟ್ಟಿರಲು ಅವಳಿಗೆ ಮನಸ್ಸಿರಲಿಲ್ಲ.

ಶನಿವಾರ ಸಂಜೆ ಅವಳಿಗೆ ನೆನಪಾಯಿತು, ಅಣುಗಳ ಮಾದರಿ ಬೇಕೆಂದು. ನಮ್ಮೂರಾದರೆ ಅಂಗಡಿಯ ಹಿಂಬಾಗಿಲು ತಟ್ಟಬಹುದಿತ್ತು. ಇಲ್ಲಿ ಶನಿವಾರ ಮಧ್ಯಾಹ್ನ ಮುಚ್ಚಿದ ಅಂಗಡಿ ಸೋಮವಾರವೇ ತೆರೆಯುವುದು. ಉಸಳಿ ಪಲ್ಯಕ್ಕೆಂದು ನಾನು ನೆನೆಹಾಕಿದ್ದ ಕಾಳು ಇತ್ತು. ಕಾಬೂಲಿ ಕಡಲೆ ಇಂಗಾಲವಾಯಿತು, ಬಟಾಣಿ ಜಲಜನಕ, ಗಜ್ಜರಿ ತುಂಡು ಆಮ್ಲಜನಕ. ಹಲ್ಲುಕಡ್ಡಿಯಿಂದ ಜೋಡಿಸಿದೆವು.

"ಇಂಗಾಲಕ್ಕ ನಾಕ ಕೈ, ಅಜ್ಜಿ. ಎಲ್ಲಾನೂ ಯಾರರೆ ಹಿಡಕೊಂಡಿರಬೇಕು."

"ಇಬ್ಬರು ಎರಡೆರಡು ಕೈ ಹಿಡಕೊಂಡ್ರ?"

"ಅದು ಡಬಲ್ ಬಾಂಡ್."

"ಕೈ ಕೈ ಹಿಡದು ಗಿರಗಿರ ತಿರುಗಿ ಫುಗಡಿ ಆಡಿದಂಗ ಅನ್ನು."

"ಹೂಂ! ಬರೇ ಇಂಗಾಲ, ಜಲಜನಕ ಇದ್ರ ಹೈಡ್ರೋಕಾರ್ಬನ್. ಇದು ಈಥೇನ್, ಉರಿಯೋ ಗ್ಯಾಸ್." ತುದಿಯ ಬಟಾಣಿ ತೆಗೆದು, ನಡುವೆ ಗಜ್ಜರಿ ಸೇರಿಸಿ ಮತ್ತೆ ಚುಚ್ಚಿದಳು. "ಈಗ ಆಲ್ಕೋಹಾಲ್ ಆತು. ಇನ್ನೊಂದು ಗಜ್ಜರಿ ಕೂಡಿಸಿ ಎರಡು ಬಟಾಣಿ ತಗದ್ರ ವಿನೆಗರ್‌ನ ಹುಳಿ. ಕಡಲಿ ಅವೇ ಎರಡು. ಗುಣ ಬದಲು ಮಾಡೋ ಈ ತುದಿಗೆ ಕ್ರಿಯಾಗುಂಪು ಅಂತಾರ."

"ಸೊಸಿ ಬಂದ ಮ್ಯಾಲ ಮನೀ ಗುಣಾನೇ ಬದಲಾತು ಅನ್ನು."

"ಮಾಮಿಗೆ ಫೋನ್ ಹಚ್ಚಿ ಹೇಳ್ತೀನಿ ನೋಡು!"

(ಈ ಸಾಲು ನಿಮ್ಮವ್ವನಿಗೆ ಓದಿ ಹೇಳಬೇಡಿ.)

ಆಮೇಲೆ ಅದನ್ನೇ ಜರ್ಮನ್‌ನಲ್ಲಿ ಹೇಳಿದಳು. ನನಗೆ ಅರ್ಥವಾಗಲಿಲ್ಲ, ಅವಳು ತಡವರಿಸಲಿಲ್ಲ ಎಂಬುದು ಅರ್ಥವಾಯಿತು. ಕಾಳು ಸುಕ್ಕಾಗದಿರಲೆಂದು ಮಾದರಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, 'ಹೈಟ್ಸುಂಗ್' ಎಂಬ ಮನೆ ಬೆಚ್ಚಗಿಡುವ ಹೀಟರಿನ ಪಕ್ಕ ಇಟ್ಟೆ. ಸೋಮವಾರ ಅವಳು ಡಬ್ಬಿ ತೆರೆಯದೆಯೇ ಒಯ್ದಳು.

ಮಧ್ಯಾಹ್ನ ಬಾಗಿಲಲ್ಲೇ ಕೂಗಿದಳು. "ಅಜ್ಜೀ, ಏನ್ ಮಾಡಿಟ್ಟಿ! ಕಡಲಿ ಮೊಳಕಿ ಒಡದಿದ್ವು!"

ನಾಲ್ಕು ಕೈಯ ಇಂಗಾಲಕ್ಕೆ ಬೆಳ್ಳಗೆ ಐದನೆಯದು!

"ಎಲ್ಲಾರೂ ನಕ್ಕರು. ನಿಮ್ಮ ಇಂಡಿಯಾದಾಗ ಇಂಗಾಲಕ್ಕ ಐದು ಕೈಯೇನು ಅಂದ ಒಬ್ಬಾಂವ."

"ನೀ ಏನಂದಿ?"

"ಸಿಟ್ಟು ಬಂತು. ಮೊಳಕಿ ಮುರದು ಬಾಯಾಗ ಹಾಕೊಂಡೆ. ಯಾವ ದೇಶದಾಗರೆ ಇರ್ಲಿ ಇಂಗಾಲಕ್ಕ ನಾಕ ಕೈ, ಐದನೇದು ನಮ್ಮಜ್ಜಿ ಹೈಟ್ಸುಂಗ್ ಬಾಜೂಕ ಇಟ್ಟಿದ್ದಕ್ಕ ಬಂದದ್ದು ಅಂದೆ. ಆಮ್ಯಾಲ ಬಾಯಿ ನಿಲ್ಲಲೇ ಇಲ್ಲ. 'ಎರಡು' ಕೊಟ್ಟಾರ, ಅಜ್ಜಿ! ಪಾಸ್!"

ಸಂಜೆ ವಿಜಯಾ ಸಕ್ಕರೆ ಹಂಚಿದಳು. "ಇನ್ನ ಸೂಟಿಗೆ ನಿನಗೊಬ್ಬಾಕಿಗೇ ಟಿಕೆಟ್, ಅವ್ವಾ" ಎಂದಳು. ಖುಷಿಯ ಮಾತೇ ಅದು. ಆದರೂ ನನ್ನ ಪಾಲಿನ ಸಕ್ಕರೆಯನ್ನು ತಿನ್ನದೆ ಬಟ್ಟಲಿಗೇ ಮರಳಿ ಹಾಕಿದೆ.

"ಮುಂದಿನ ವರ್ಷದ ಪಾಠ ಯಾರ ಮುಂದ ಹೇಳ್ಲಿ?" ಎಂದಳು ಪಲ್ಲವಿ.

"ನಿಮ್ಮವ್ವನ ಮುಂದ."

"ಆಕಿಗೆ ಎಲ್ಲಾ ಗೊತ್ತದ. ಏನೂ ಗೊತ್ತಿಲ್ಲದವರು ಬೇಕು ನನಗ."

ನಾನು ವಿಜಯಾಳಿಗೆ ಹೇಳಿದೆ, "ತಿರುಗಿ ಬರೋದೂ ಕೂಡಿಸೇ ಟಿಕೆಟ್ ತಗಿ."

ನಾಗರ ಪಂಚಮಿಗೆ ನಿಮ್ಮೊಂದಿಗೆ ಕೂತು ಉಂಡಿ ಕಟ್ಟುತ್ತೇನೆ, ಮಕ್ಕಳೇ. ಇಲ್ಲಿ ಶಾಲೆ ತೆರೆಯುವ ಹೊತ್ತಿಗೆ ಹೊರಟು ನಿಂತಾಗ ನೀವು ಅತ್ತರೆ ನಾನೂ ಅಳುತ್ತೇನೆ. ಆದರೆ ಹೊರಡುತ್ತೇನೆ.