ಆ ತಾಯಿಯ ಹೆಸರಿನ ಮೊದಲ ಅಕ್ಷರ

ಹುಣಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟು ಕಣ್ಣಿಗೆ ಕನ್ನಡಕ ಬಂತು, ಕೂದಲು ನರೆಯಿತು, ಕೊಬ್ಬು ಮಾತ್ರ ಇಳಿದಿಲ್ಲ. ಲಗ್ನಪತ್ರಿಕೆಯಾಗಲಿ, ತಾಲ್ಲೂಕು ಕಚೇರಿಯ ಅರ್ಜಿಯಾಗಲಿ, ನನ್ನ ಕೈಯಿಂದ ಹೋದದ್ದರಲ್ಲಿ ಒಂದು ಒತ್ತು ತಪ್ಪಿದ್ದರೆ ತೋರಿಸಲಿ ನೋಡೋಣ! ಅಂಥ ನನಗೆ ಬುದ್ಧಿ ಕಲಿಸಿದವಳು ಇಥಿಯೋಪಿಯಾದ ಒಬ್ಬ ಹುಡುಗಿ.

ರಾಗಿ ತಳಿಗಳ ಮೇಲೆ ಸಂಶೋಧನೆ ಮಾಡಲು ಬಂದವಳು. ಸರಗೂರು ಕಡೆಯ ಹೊಲಗಳಲ್ಲಿ ಹೆಂಗಸರ ಜೊತೆ ಓಡಾಡಿ ಅವರ ಮಾತನ್ನೇ ಕಲಿತಿದ್ದಳು. ಒಂದು ಬೆಳಿಗ್ಗೆ ತನ್ನ ಪ್ರಬಂಧ ತಂದಳು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಅರ್ಪಣೆಯ ಪುಟದಲ್ಲಿ ಅವಳ ತಾಯಿಯ ಹೆಸರು ಮಾತ್ರ ಅವರ ಗೀಝ್ ಲಿಪಿಯಲ್ಲಿ. ಆ ಹೆಸರಿನ ಮೊದಲ ಅಕ್ಷರ ಇರಬೇಕಾದಲ್ಲಿ ಖಾಲಿ ಚೌಕದ ಡಬ್ಬಿಯೊಂದು ಕೂತಿತ್ತು.

“ನಮ್ಮ ಮನೆಮಾತಲ್ಲಿ ಮಾತ್ರ ಇರೋ ಅಕ್ಷರ ಕಣಕ್ಕ. ಕಂಪ್ಯೂಟರಿಗೆ ಈಚೆಗೆ ಸೇರ್ಸವ್ರೆ. ಮೊದ್ಲು ಇರ್ನಿಲ್ಲ ಅಂತ ಅವ್ವನ ಕಾಗದಪತ್ರದಲ್ಲೆಲ್ಲ ಬೇರೆ ಅಕ್ಷರ ಹಾಕವ್ರೆ. ಅವ್ವ ತನ್ನ ಹೆಸ್ರು ಸರಿಯಾಗಿ ಅಚ್ಚಾಗಿದ್ದು ಒಂದ್ಸಲಾನೂ ನೋಡಿಲ್ಲ. ಸಂಜೆಯೊಳಗೆ ಇದನ್ನ ಕಳಿಸ್ಬೇಕು” ಅಂದಳು.

“ಇಷ್ಟೇನಾ? ಕೂತ್ಕೊ, ಟೀ ಕುಡಿ” ಅಂದೆ.

ಹಳೆಯ ಕನ್ನಡ ಫಾಂಟುಗಳ ಕಾಲದಲ್ಲಿ ಒಂದು ಒತ್ತು ಕೈಕೊಟ್ಟರೆ ಇನ್ನೊಂದು ಅಕ್ಷರದಿಂದ ಕತ್ತರಿಸಿ ತಂದು ಅಂಟಿಸುತ್ತಿದ್ದೆವು. ಕಾಗದದ ಮೇಲೆ ಚೆನ್ನಾಗಿ ಕಂಡರೆ ಕೆಲಸ ಮುಗಿಯಿತು. ಇಲ್ಲೂ ಅದನ್ನೇ ಮಾಡಿದೆ. ಅವಳ ಕೈಲಿ ಅಕ್ಷರ ಬರೆಸಿ, ಸ್ಕ್ಯಾನ್ ಮಾಡಿ, ಅಂಚು ನುಣ್ಣಗೆ ತೀಡಿ, ಡಬ್ಬಿಯ ಜಾಗದಲ್ಲಿ ಕೂರಿಸಿದೆ. ಪ್ರಿಂಟ್ ಎಷ್ಟು ಮುದ್ದಾಗಿ ಬಂತೆಂದರೆ ನಾನೇ ಬೀಗಿದೆ. ಅವಳು ಮಾತ್ರ ಆ ಹೆಸರನ್ನು ಕಾಪಿ ಮಾಡಿ ತನ್ನ ಫೋನಿಗೆ ಕಳಿಸಿ ನೋಡಿದಳು. ಮೊದಲ ಅಕ್ಷರವೇ ಬರಲಿಲ್ಲ.

“ಇದು ಚಿತ್ರ ಕಣಕ್ಕ, ಅಕ್ಷರ ಅಲ್ಲ. ಅವ್ವನ ಹೆಸ್ರು ಹುಡುಕಿದ್ರೂ ಸಿಕ್ಕಲ್ಲ.”

ಮೈಯೆಲ್ಲ ಉರಿದುಹೋಯಿತು. “ಏನವ್ವ, ಕಣ್ಣಿಗೆ ಕಾಣಾಕಿಲ್ವಾ? ಇನ್ನೇನು ಬೇಕು ನಿಂಗೆ?” ಎಂದು ರೇಗಿದೆ. ಅವಳು ತಲೆ ತಗ್ಗಿಸಿದಳು. ಆಗ ನಾಚಿಕೆಯಾಯಿತು. ಆ ತಾಯಿಯ ಹೆಸರನ್ನು ಇಷ್ಟು ದಿನ ಎಲ್ಲರೂ ಹೇಗೋ ಸಾಗಹಾಕಿದ್ದರು, ನಾನೂ ಅದನ್ನೇ ಮಾಡಿದ್ದೆ.

ಮಧ್ಯಾಹ್ನದ ಊಟ ಬಿಟ್ಟು ಇಬ್ಬರೂ ಹುಡುಕಲು ಕೂತೆವು. ಜಗತ್ತಿನ ಕಂಪ್ಯೂಟರುಗಳೆಲ್ಲ ಒಪ್ಪಿದ ಯೂನಿಕೋಡ್ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ನಮ್ಮಲ್ಲಿ ‘ಕ’ಕ್ಕೊಂದು, ಗುಡಿಸಿಗೊಂದು ಸಂಖ್ಯೆ, ಎರಡೂ ಕೂಡಿ ‘ಕಿ’. ಅವರಲ್ಲಿ ‘ಕಿ’ಯಂಥದ್ದಕ್ಕೆ ಇಡಿಯಾಗಿ ಒಂದೇ ಸಂಖ್ಯೆ. ಪರವಾಗಿಲ್ಲ, ಜಾಣರೇ ಅನ್ನಿಸಿತು. ಅವಳ ಅಕ್ಷರದ ಸಂಖ್ಯೆ ಪಟ್ಟಿಯಲ್ಲಿ ಸಿಕ್ಕಿತು, ಆದರೆ ಅದಕ್ಕೆ ರೂಪ ಕೊಡುವ ಫಾಂಟು ನನ್ನಲ್ಲಿರಲಿಲ್ಲ. ಎರಡು ಫಾಂಟು ಇಳಿಸಿಕೊಂಡೆ, ಎರಡರಲ್ಲೂ ಡಬ್ಬಿಯೇ. ಮೂರನೆಯದನ್ನು ಹಾಕಿ, ಸಂಖ್ಯೆ ಟೈಪಿಸಿ, ಆಲ್ಟ್ ಕೀ ಹಿಡಿದು ಎಕ್ಸ್ ಒತ್ತಿದೆ. ಸಂಖ್ಯೆ ಮಾಯವಾಗಿ ಅಕ್ಷರ ಎದ್ದು ನಿಂತಿತು.

“ಬಂತು ಕಣೇ!” ಎಂದು ಕೂಗಿಬಿಟ್ಟೆ. ಜೆರಾಕ್ಸಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಎಲ್ಲಿ ತೆರೆದರೂ ಅಕ್ಷರ ಕಾಣಲೆಂದು ಫಾಂಟನ್ನೂ ಫೈಲಿನೊಳಗೇ ಸೇರಿಸಿ ಸಂಜೆಗೆ ಮುಂಚೆ ಪ್ರಬಂಧ ಕಳಿಸಿದೆವು. ಅದೇ ಫೈಲು ಊರಲ್ಲಿದ್ದ ಅವಳ ತಾಯಿಗೂ ಹೋಯಿತು.

ಮೂರು ದಿನದ ಮೇಲೆ ಅವಳು ತನ್ನ ತಾಯಿಯ ಮೆಸೇಜನ್ನು ನನ್ನ ಫೋನಿಗೆ ಕಳಿಸಿದಳು. ಅರ್ಪಣೆಯ ಪುಟದಿಂದ ತನ್ನ ಹೆಸರನ್ನು ಕಾಪಿ ಮಾಡಿ ಆ ತಾಯಿ ಕಳಿಸಿದ್ದರು, ಬೇರೆ ಒಂದು ಮಾತೂ ಇರಲಿಲ್ಲ. ನನ್ನ ಫೋನಿನಲ್ಲಿ ಮೊದಲ ಅಕ್ಷರ ಡಬ್ಬಿಯಾಗಿಯೇ ಕಂಡಿತು. ಫೋನಿನಲ್ಲಿ ಆ ಫಾಂಟಿಲ್ಲ ಅಷ್ಟೆ, ಸಂಖ್ಯೆ ಬಂದೇ ಇರುತ್ತದೆ ಅಂತ ಗೊತ್ತಿದ್ದರಿಂದ ನನಗೆ ಗಾಬರಿಯಾಗಲಿಲ್ಲ. ಅದನ್ನೇ ಅಂಗಡಿಯ ಕಂಪ್ಯೂಟರಿಗೆ ಕಳಿಸಿ, ಆ ಫಾಂಟಿನಲ್ಲಿ ತೆರೆದೆ. ಅಷ್ಟು ದೂರದ ಊರಿನಿಂದ, ಮೂರು ಫೋನು ದಾಟಿ, ಆಕೆಯ ಹೆಸರು ಪೂರ್ತಿ ಬಂದಿತ್ತು.