ಮಟನ್ ಅಂಗಡಿಯ ಸಾಲಿನಲ್ಲಿ ಮಯ್ಯ ಡಾಕ್ಟ್ರು

ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಕುಂದಾಪುರದ ಹಮೀದ್ ಸಾಹೇಬರ ಮಟನ್ ಅಂಗಡಿಯ ಮುಂದಿನ ಸಾಲಿನಲ್ಲಿ, ಹಣೆಗೆ ಗಂಧ ಹಚ್ಚಿ, ಬಿಳಿ ಪಂಚೆ ಉಟ್ಟು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದ ಒಬ್ಬರು ನಿಂತಿರುತ್ತಿದ್ದರು. ಅವರೇ ಪಶುವೈದ್ಯ ವಾಸುದೇವ ಮಯ್ಯರು. ಊರು ಸಾಲಿಗ್ರಾಮ. ಅಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಸಾರಿನಲ್ಲಿ ಈರುಳ್ಳಿಯ ವಾಸನೆ ಬಂದರೂ ಬಟ್ಟಲನ್ನು ಮೆಲ್ಲಗೆ ಬದಿಗೆ ಸರಿಸುವ ಮನುಷ್ಯ. ಸರದಿ ಬಂದಾಗ ಅವರು ಕೇಳುತ್ತಿದ್ದದ್ದು ಮಾತ್ರ ಪ್ರತಿ ಸಲವೂ ಅದೇ.

"ಸಾಹೇಬ್ರೆ, ಹಾಳಾದ್ದ್ ಎಂತಾರೂ ಇತ್ತಾ?"

ಹಮೀದ್ ಸಾಹೇಬರು ನಿಜಕ್ಕೂ ಬೇಜಾರಿನಿಂದ ತಲೆ ಆಡಿಸುತ್ತಿದ್ದರು. "ಇಲ್ಲ ಡಾಕ್ಟ್ರೆ. ಇವತ್ತ್ ಎಲ್ಲ ಒಳ್ಳೇದೇ. ಎಂತ ಮಾಡುದ್ ಹೇಳಿ!" ಹಿಂದೆ ನಿಂತ ಗಿರಾಕಿಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಡಾಕ್ಟ್ರು ಬರುವ ಭಾನುವಾರ ವ್ಯಾಪಾರ ಒಂದು ಕೈ ಜಾಸ್ತಿ ಎಂದು ಸಾಹೇಬರೇ ಒಮ್ಮೆ ನನ್ನ ಹತ್ತಿರ ಹೇಳಿ ನಕ್ಕಿದ್ದರು.

ಹಾಳಾದದ್ದು, ಅಂದರೆ ರೋಗ ಹಿಡಿದ ಅಂಗ, ಬೇಕಿದ್ದದ್ದು ನಮಗೆ ಪಾಠ ಮಾಡಲು. ಅದು ಸಿಗದ ದಿನ ಒಳ್ಳೆಯದನ್ನೇ ಕ್ಯಾರಿಯರಿಗೆ ಹಾಕಿಸಿಕೊಳ್ಳುತ್ತಿದ್ದರು. ನಾನು ೧೯೯೭ರಲ್ಲಿ ಬೈಂದೂರಿಗೆ ಹೊಸ ಪಶುವೈದ್ಯೆಯಾಗಿ ಬಂದಾಗ ನನಗೆ ಗೊತ್ತಿದ್ದದ್ದು ದನ, ಎಮ್ಮೆ. ನಮ್ಮ ಕಡೆ ನಾಯಿ ಅಂದರೆ ಅಂಗಳದ ಮೂಲೆಯಲ್ಲಿ ಅನ್ನ ಹಾಕಿಸಿಕೊಂಡು ಬದುಕುವ ಪ್ರಾಣಿ. ಅದಕ್ಕೆ ಲಿವರ್, ಕಿಡ್ನಿ ಇದೆ ಎಂದು ಯೋಚಿಸಿದವರು ಕಡಿಮೆ. ಅಷ್ಟರಲ್ಲಿ ಮುಂಬೈಯಲ್ಲಿ ಹೋಟೆಲು ಮಾಡಿದವರು ಊರಿಗೆ ಮರಳುವಾಗ ಬುಟ್ಟಿಯಲ್ಲಿ ಬಿಳಿ ಪೊಮೆರೇನಿಯನ್ ನಾಯಿಗಳನ್ನೂ ತರತೊಡಗಿದ್ದರು. ಅವು ಊಟ ಬಿಟ್ಟವು, ಕೆಮ್ಮಿದವು, ಹೊಟ್ಟೆ ಉಬ್ಬಿಸಿಕೊಂಡವು. ನಾವೆಲ್ಲ ದನಕ್ಕೆ ಕೊಡುವ ಟಾನಿಕ್ಕನ್ನೇ ಅಳತೆ ಕಡಿಮೆ ಮಾಡಿ ಕೊಟ್ಟೆವು. ನಿವೃತ್ತಿಗೆ ಹತ್ತಿರವಾಗಿದ್ದ ಮಯ್ಯರು ಮಾತ್ರ ರಜೆ ಹಾಕಿ ಬೆಂಗಳೂರಿನ ಒಂದು ತರಬೇತಿಗೆ ಹೋಗಿ, ಮಕ್ಕಳ ವಯಸ್ಸಿನವರ ಜೊತೆ ಮುಂದಿನ ಬೆಂಚಿನಲ್ಲಿ ಕೂತು ಕಲಿತು ಬಂದರು. ಬಂದವರೇ ಬೈಂದೂರು, ಕುಂದಾಪುರ, ಬ್ರಹ್ಮಾವರದ ನಮ್ಮನ್ನೆಲ್ಲ ಸೇರಿಸಿ, ಕುಂದಾಪುರದ ದನದಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ತರಗತಿ ಶುರುಮಾಡಿದರು. ತಿಂಗಳಿಗೊಂದು ಅಂಗ. ಒಂದು ತಿಂಗಳು ಲಿವರ್, ಮುಂದಿನ ತಿಂಗಳು ಕಿಡ್ನಿ.

ಆಡಿನ ಹೃದಯವೂ ನಾಯಿಯ ಹೃದಯವೂ ನೋಡಲು ಅಣ್ಣತಮ್ಮಂದಿರ ಹಾಗೆ. ಟಿಫಿನ್ ಕ್ಯಾರಿಯರ್ ಬಿಚ್ಚಿ, ಹೃದಯವನ್ನು ಬಾಳೆಲೆಯ ಮೇಲಿಟ್ಟು, ಅದರೊಳಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ಒಳಗಿನ ತೆಳ್ಳಗಿನ ಕವಾಟ ಉಬ್ಬಿ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಆ ಕವಾಟವನ್ನು ಹಿಡಿದಿರುವ ನೂಲಿನಂಥ ಎಳೆಗಳಲ್ಲಿ ಒಂದನ್ನು ಕತ್ತರಿಸಿ ಮತ್ತೆ ನೀರು ಹೊಯ್ದರೆ, ಬಾಗಿಲು ಸರಿಯಾಗಿ ಕೂರದೆ ನೀರು ಹಿಂದಕ್ಕೆ ಸೋರುತ್ತಿತ್ತು. "ಕಂಡ್ರ್ಯಾ? ಸಣ್ಣ ನಾಯಿ ಮುದಿಯಾದ ಮೇಲೆ ಇದೇ ಆಪುದ್. ಹೊರಗೆ ಕೆಮ್ಮ್ ಕಾಂತ್. ನೀವ್ ಕೆಮ್ಮಿನ ಮದ್ದ್ ಕೊಡ್ತ್ರಿ." ಪುಸ್ತಕದಲ್ಲಿ ಹತ್ತು ಸಲ ಓದಿ ಮರೆತದ್ದು ಆ ಒಂದು ಚೊಂಬು ನೀರಿನಲ್ಲಿ ನನ್ನ ತಲೆಗೆ ಹತ್ತಿತು. ಪಾಠ ಮುಗಿದ ಮೇಲೆ ಕೆಂಪು ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಎಲ್ಲರಿಗಿಂತ ಮೊದಲು ಗೋಳಿಬಜೆಗೆ ಕೈ ಹಾಕುವವರೂ ಅವರೇ. ಹೊಸದಾಗಿ ಬಂದವರು ಬಜೆಯನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ನಿಂತಿರುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ನಾಯಿಯ ಎದೆಗೆ ಸ್ಟೆತಸ್ಕೋಪು ಇಟ್ಟು ತಾವು ಕೇಳಿದ ಮೇಲೆ ಅದನ್ನು ತೆಗೆದು ನಾಯಿಯ ಯಜಮಾನರ ಕಿವಿಗೆ ಸಿಕ್ಕಿಸುತ್ತಿದ್ದರು. ಮೀನು ಮಾರುವ ಹೆಂಗಸಾಗಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಕೇಳಿಯೇ ತೀರಬೇಕು. "ಯಜಮಾನ್ರಿಗೆ ಮೊದ್ಲ್ ಇದ್ದದ್ದ್ ಹೇಳ್ಕ್. ಮದ್ದ್ ಮತ್ತೆ" ಎನ್ನುವುದು ಅವರ ಪಾಠದ ಮೊದಲ ಸಾಲು, ಕೊನೆಯ ಸಾಲೂ ಅದೇ. ಸಾಯುವ ನಾಯಿಯನ್ನು ಸಾಯುತ್ತದೆ ಎನ್ನದೆ ಇಂಜೆಕ್ಷನ್ ಚುಚ್ಚಿ ಕಳಿಸಿದವರ ಮೇಲೆ ಅವರಿಗೆ ಬರುತ್ತಿದ್ದ ಸಿಟ್ಟನ್ನು ಕಂಡರೆ ಕೋಣೆಯೇ ಗಪ್‌ಚಿಪ್ ಆಗುತ್ತಿತ್ತು.

ಸಾಲಿಗ್ರಾಮದಲ್ಲಿ ಮಾತು ಹಬ್ಬದೆ ಇರುತ್ತದೆಯೇ? "ಮಯ್ಯರ್ ಗುಟ್ಟಾಗಿ ಮಾಂಸ ತಿಂತ್ರಂಬ್ರ್." ಅದೂ ಕ್ಯಾರಿಯರ್ ಹಿಡಿದು ಸಾಲಿನಲ್ಲಿ ನಿಲ್ಲುವುದರಲ್ಲಿ ಯಾವ ಗುಟ್ಟೋ ನನಗಂತೂ ತಿಳಿಯದು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಇದ್ದವಳು ಒಬ್ಬಳೇ ಮಗಳು, ವೈದೇಹಿ. ಅವಳಿಗೆ ಆಗ ಗಂಡು ನೋಡುತ್ತಿದ್ದರು. ನಾನು ಒಂದು ಭಾನುವಾರ ತಡೆಯಲಾರದೆ ಹೇಳಿದೆ: "ಸರ್, ಇನ್ನ್ ಮೇಲೆ ನಾನೇ ತಕಂಡ್ ಬತ್ತೆ. ನಮ್ದ್ ಮೀನ್ ಮಾರು ಮನೆ. ನನ್ನ್ ಯಾರೂ ಎಂತದೂ ಕೇಂಬುದಿಲ್ಲ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬ್ಯಾಡ ಮಾರಾಯ್ತಿ. ನೀ ಒಳ್ಳೇದ್ ಕಂಡ್ ಕಂಡ್ ಆರಿಸ್ಕಂಡ್ ಬತ್ತೆ. ಹುಟ್ಟಿದಾಗಿಂದ ಅದೇ ಅಭ್ಯಾಸ. ನಂಗೆ ಹಾಳಾದ್ದ್ ಬೇಕ್."

ಬ್ರಹ್ಮಾವರದ ಹೊಳ್ಳರ ಮನೆಯ ಪ್ರಸಂಗ ನಡೆದದ್ದು ಅದಾಗಿ ಸ್ವಲ್ಪ ದಿನಕ್ಕೆ. ಹೊಳ್ಳರ ಮಗನಿಗೆ ವೈದೇಹಿಯನ್ನು ಕೇಳಿದ್ದರು, ಮಾತುಕತೆ ಬಹುತೇಕ ಮುಗಿದಿತ್ತು. ವೈದೇಹಿಗೂ ಹುಡುಗ ಇಷ್ಟವಾಗಿದ್ದ. ಅಷ್ಟರಲ್ಲಿ ಹೊಳ್ಳರು ಒಮ್ಮೆ ಬಂದು ಹೋಗಿ ಎಂದು ಹೇಳಿ ಕಳಿಸಿದರು. ಮಯ್ಯರ ಸ್ಕೂಟರು ಕೆಟ್ಟಿದ್ದರಿಂದ ತರಗತಿ ಮುಗಿಸಿ ನನ್ನ ಹಳೆಯ ಕಾರಿನಲ್ಲೇ ಹೊರಟೆವು. "ಹೆಣ್ಣಿಗ್ ಆಸೆ ಇತ್ತ್ ಈ ಸಂಬಂಧದ್ ಮೇಲೆ" ಎಂದು ದಾರಿಯಲ್ಲಿ ಒಮ್ಮೆ ಹೇಳಿದರು. ಅಂದಿನ ಪಾಠದಲ್ಲಿ ಎಳೆ ಕತ್ತರಿಸಿದ ಹೃದಯವಿದ್ದ ಕ್ಯಾರಿಯರ್ ಕಾಲಬುಡದಲ್ಲೇ ಇತ್ತು.

ಹೊಳ್ಳರು ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಸುತ್ತಿ ಬಳಸಿ ವಿಷಯಕ್ಕೆ ಬಂದರು. "ಜನ ಎಂತೆಂತದೋ ಮಾತಾಡ್ತ್ರ್ ಮಯ್ಯರೆ. ನೀವ್ ಆ ಅಂಗಡಿಗ್ ಹೋಪುದ್ ಹೌದಾ?"

"ಹೌದ್" ಎಂದರು ಮಯ್ಯರು. ಯಾಕೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರ ಗಮನ ಹೊಳ್ಳರ ಮೇಲೆ ಇರಲೇ ಇಲ್ಲ. ಬೆಂಚಿನ ಅಡಿಯಲ್ಲಿ ಒಂದು ಮುದಿ ಪೊಮೆರೇನಿಯನ್ ಮಲಗಿತ್ತು. ಅದು ಕೆಮ್ಮುತ್ತಿತ್ತು. "ಇದ್ ಎಷ್ಟ್ ಸಮಯದಿಂದ ಕೆಮ್ಮ್‌ತ್?" ಎಂದು ಕೇಳುತ್ತಲೇ ಅವರು ನೆಲದ ಮೇಲೆ ಕೂತು ಆಗಿತ್ತು. ಹೊಳ್ಳರು ಕಕ್ಕಾಬಿಕ್ಕಿಯಾಗಿ, ಮಳೆಗಾಲದಿಂದ, ಸಿರಪ್ಪು ಹಾಕುತ್ತಿದ್ದೇವೆ ಎಂದರು. ಮಯ್ಯರು ಎದೆ ಕೇಳಿದರು, ನನಗೆ ಕೇಳಿಸಿದರು, ಕೊನೆಗೆ ಹೊಳ್ಳರ ಕಿವಿಗೂ ಸಿಕ್ಕಿಸಿದರು. "ಲಬ್ ಡಬ್ ಅಲ್ಲ, ಶ್ ಶ್ ಅಂತ್ ಅಲ್ದಾ? ಬಾಗ್ಲ್ ಸೋರ್ತ್ ಇತ್ತ್." ಹೊಳ್ಳರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಬಿಟ್ಟು ಬಿಡುವ ಜಾಯಮಾನ ಮಯ್ಯರದ್ದಲ್ಲ. ನಾನು ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದಂತೆಯೇ ಕಾರಿಗೆ ಹೋಗಿ ಕ್ಯಾರಿಯರ್ ತಂದರು. ಹೊಳ್ಳರ ಅಂಗಳದಲ್ಲಿ, ತೆಂಗಿನ ಕಟ್ಟೆಯ ಮೇಲೆ, ಆಡಿನ ಹೃದಯ ಇಟ್ಟು ಹೊಳ್ಳರ ಮನೆಯದ್ದೇ ಚೊಂಬಿನಿಂದ ನೀರು ಹೊಯ್ದರು.

ಹೊಳ್ಳರು ನಾಲ್ಕು ಹೆಜ್ಜೆ ಹಿಂದೆ ಹೋದರು. ಆದರೆ ನೋಡಿದರು. ನೀರು ಹಿಂದಕ್ಕೆ ಸೋರಿದ್ದನ್ನು ಕಣ್ಣರಳಿಸಿ ನೋಡಿದರು. "ಗುಣ ಆಪುದಿಲ್ಲ" ಎಂದರು ಮಯ್ಯರು. "ಆದ್ರೆ ಎದೆಯಲ್ ನಿಂತ ನೀರ್ ಇಳ್ಸುಕಾತ್ತ್. ಒಂದೆರ್ಡ್ ವರ್ಷ ಆರಾಮಾಗ್ ಇರತ್ತ್."

ವಾರದೊಳಗೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿಕೆ ಬಂತು. ಆ ಚೊಂಬನ್ನು ಹಿತ್ತಲಿಗೆ ಎಸೆದರೆಂದೂ ಆಮೇಲೆ ತಿಳಿಯಿತು. ವೈದೇಹಿ ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟಳು. ಮಾತಿಗೆ ಶುರುಮಾಡಿದ್ದೂ ಜಗಳದಿಂದಲೇ. "ಅಪ್ಪಯ್ಯ, ಪಾಠಕ್ಕೆ ಅಂತ ಒಂದ್ ಮಾತ್ ಹೇಳುಕೆ ನಿಮ್ಗೆ ಎಂತ ಆಯ್ತ್?" ಮಯ್ಯರು ಪೆಚ್ಚಾಗಿ, "ನಾಯಿ ಕೆಮ್ಮ್ತಾ ಇತ್ತಲೆ ಮಗಾ" ಎಂದರಂತೆ. ಇದನ್ನು ನನಗೆ ಹೇಳುವಾಗ ವೈದೇಹಿ ನಗುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಮುಂದೆ ಅವಳು ಕೋಟದ ಒಬ್ಬ ಮೇಷ್ಟ್ರನ್ನು ಮದುವೆಯಾಗಿ ಸುಖವಾಗಿದ್ದಾಳೆ. ಹೊಳ್ಳರ ನಾಯಿಗೆ ಮಯ್ಯರು ಅದು ಇರುವವರೆಗೂ ಹೋಗಿ ಮದ್ದು ಕೊಟ್ಟರು. ಹೊಳ್ಳರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರಂತೆ. ಅದಕ್ಕೂ ಅವರಿಗೆ ಬೇಸರವಿರಲಿಲ್ಲ. ಇಂಥವರ ಶಿಷ್ಯೆ ನಾನು ಎನ್ನಲು ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ನಿವೃತ್ತರಾಗಿ ಎಷ್ಟೋ ವರ್ಷಗಳವರೆಗೆ ತರಗತಿ ನಡೆಯಿತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ಊರೆಲ್ಲ ಧೂಳಾಗಿದ್ದ ಕಾಲದಲ್ಲಿ ಅವರು ಬರುವುದು ನಿಂತಿತು. ಧೂಳಿಗೆ ಕೆಮ್ಮು ಎಂದು ಫೋನಿನಲ್ಲಿ ಹೇಳಿದರು. ಒಂದು ಸಂಜೆ ನೋಡಲು ಹೋದೆ. ಎರಡು ದಿಂಬಿಗೆ ಒರಗಿ ಮಂಚದಲ್ಲಿ ಕೂತಿದ್ದರು, ಕಾಲು ಬಾತಿತ್ತು. ಆರೈಕೆಗೆಂದು ಬಂದಿದ್ದ ವೈದೇಹಿ ಶುಂಠಿ ಕಷಾಯ ತಂದಳು. "ಕಾಣಿ ಶಾರದಕ್ಕ, ಎಷ್ಟ್ ಕುಡ್ಸ್ರೂ ಈ ಕೆಮ್ಮ್ ಹೋತಿಲ್ಲ" ಎಂದಳು. ಮಯ್ಯರು ನನ್ನ ಮುಖ ನೋಡಲಿಲ್ಲ.

"ಸ್ಟೆತ್ ತಂದಿದ್ಯಾ?" ಎಂದು ಕೇಳಿದರು.

ಅಂಗಿಯ ಗುಂಡಿ ಬಿಚ್ಚಿ, ಜನಿವಾರವನ್ನು ಬದಿಗೆ ಸರಿಸಿ, ಎಡ ಎದೆಯ ಕೆಳಗೆ ಬೆರಳಿಟ್ಟು ಜಾಗ ತೋರಿಸಿದರು. ನಾನು ಮನುಷ್ಯರ ಡಾಕ್ಟರಲ್ಲ ಎಂದೆ. "ಬಾಗ್ಲಿಗ್ ಅದೆಲ್ಲ ಗೊತ್ತಿಲ್ಲ. ಕೇಣ್." ಕೇಳಿದೆ. ಲಬ್ ಡಬ್ ಇರಲಿಲ್ಲ. ಶ್ ಶ್ ಎಂಬುದು ಎದೆ ತುಂಬ ಹರಡಿತ್ತು, ಎದೆಯ ಮೇಲಿಟ್ಟ ಬೆರಳ ತುದಿಗೂ ಅದರ ಕಂಪನ ತಾಗುತ್ತಿತ್ತು. ನನ್ನ ಕಿವಿಯಿಂದ ಅದನ್ನು ತೆಗೆಯಲು ಮನಸ್ಸಾಗಲಿಲ್ಲ. ತೆಗೆದರೆ ಏನಾದರೂ ಹೇಳಬೇಕಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಎಲ್ಲ ಮೊದಲೇ ಹೇಳಿ ಆಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಆಪರೇಶನ್ನು ಈ ದೇಹಕ್ಕೆ ತಡೆಯದು ಎಂದೂ ಹೇಳಿದ್ದರು. ಅಲ್ಲಿಗೆ ಒಬ್ಬರೇ ಹೋಗಿ ಬಂದಿದ್ದರು. ಮನೆಯಲ್ಲಿ ಮಾತ್ರ ಧೂಳು ಎಂದಿದ್ದರು. ವೈದೇಹಿ ಕಷಾಯದ ಲೋಟ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದಳು.

"ನಂಗೆ ಆಪುದಿಲ್ಲ ಮಾರಾಯ್ತಿ" ಎಂದರು ಮಯ್ಯರು, ಬಹಳ ಮೆಲ್ಲಗೆ. "ಊರೆಲ್ಲ ಹೇಳ್ದೆ. ಇವ್ಳಿಗೊಂದ್ ಹೇಳುಕೆ ಬಾಯ್ ಬತ್ತಿಲ್ಲ." ಆಮೇಲೆ ಉಸಿರು ಎಳೆದುಕೊಂಡು, ತರಗತಿಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು. "ಯಜಮಾನ್ತಿ ಕಾಯ್ತಾ ಇತ್ತ್ ಕಾಣ್."

ನಾನು ವೈದೇಹಿಯ ಕೈಯಿಂದ ಲೋಟ ತೆಗೆದು ಕೆಳಗಿಟ್ಟೆ. ಅವಳನ್ನು ಅಪ್ಪನ ಪಕ್ಕದಲ್ಲಿ ಕೂರಿಸಿ, ಸ್ಟೆತಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿದೆ. ಮಯ್ಯರು ತಮ್ಮ ಕೈಯಿಂದಲೇ ಅದರ ಇನ್ನೊಂದು ತುದಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಅವಳು ಕಣ್ಣು ಮುಚ್ಚಿ ಕೇಳಿದಳು. ಬ್ರಹ್ಮಾವರದ ನಾಯಿಯ ಕಥೆಯನ್ನು ಅವಳು ನೂರು ಸಲ ಕೇಳಿದವಳು. ಸ್ವಲ್ಪ ಹೊತ್ತಿಗೆ ಅವಳ ಕೈ ಅಪ್ಪನ ಕೈಯ ಮೇಲೆ ಬಂತು. ನಾನು ಹೇಳುವುದು ಅಷ್ಟು ಬೇಕಿರಲಿಲ್ಲ. ಆದರೂ ಹೇಳಿದೆ, ಅವರು ಕಲಿಸಿದ ಕ್ರಮದಲ್ಲೇ, ಇದ್ದದ್ದು ಮೊದಲು, ಮದ್ದು ಮತ್ತೆ. ನಾನು ಹೇಳಿ ಮುಗಿಸುವವರೆಗೂ ಮಯ್ಯರು, ಉತ್ತರ ಸರಿಯಾದಾಗ ಆಡಿಸುತ್ತಿದ್ದ ಹಾಗೆ, ಮೆಲ್ಲಗೆ ತಲೆ ಆಡಿಸುತ್ತಿದ್ದರು.